ಮಂತ್ರಿಯನ್ನು ಮೇವು ಹಾಕಿದ ಆಟ

ಹೋದ ತಿಂಗಳು ಶಿರಸಿಯ ಒಂದು ಶಾಲೆಯವರು ಚದುರಂಗದ ಪಂದ್ಯದ ಬಹುಮಾನ ಹಂಚಲು ನನ್ನನ್ನು ಕರೆದಿದ್ದರು. ನಾನು ನಾಲ್ಕನೇ ಇಯತ್ತೆ ದಾಟಿದವಳಲ್ಲ. ಕಾಯಿ ಕೆತ್ತುವ ಮುದುಕಿ ಎಂದು ಕರೆದದ್ದು, ಹೋಗಿ ಕೂತೆ. ಬಹುಮಾನಕ್ಕೆ ಮೊದಲು ಇಸ್ತ್ರಿ ಅಂಗಿಯ ಒಬ್ಬ ಹುಡುಗ ಗೋಡೆಯ ಮೇಲೆ ಬೆಳಕು ಬಿಟ್ಟು ಒಂದು ಹಳೆಯ ಆಟವನ್ನು ಮಕ್ಕಳಿಗೆ ಬಿಡಿಸಿ ತೋರಿಸಿದ. ಬಿಳಿಯವನು ಕುದುರೆ ಕೊಡುತ್ತಾನೆ, ಆನೆ ಕೊಡುತ್ತಾನೆ, ಕಡೆಗೆ ರಾಣಿಯನ್ನೇ ಕೊಟ್ಟು ಗೆಲ್ಲುತ್ತಾನೆ. ಮೂರನೇ ನಡೆಗೇ ನನಗೆ ಗುರುತು ಸಿಕ್ಕಿತು. ಹುಡುಗ ಚೆನ್ನಾಗಿಯೇ ಹೇಳುತ್ತಿದ್ದ. ಕೊನೆಗೆ ಬಂದು ಕೆಡಿಸಿದ. ರಾಜನಿಗಾಗಿ ರಾಣಿ ತನ್ನನ್ನೇ ತ್ಯಾಗ ಮಾಡಿಕೊಂಡಳು, ನಮ್ಮ ಹೆಣ್ಣುಮಕ್ಕಳ ಗುಣವೂ ಇದೇ ಅಲ್ಲವೇ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮೈಕು ಇಸಿದುಕೊಂಡೆ.

"ಅದು ತ್ಯಾಗ ಅಲ್ಲ ತಮ್ಮಾ. ಅದು ಮೇವು."

ಮುದುಕಿ ತಮಾಷೆ ಮಾಡಿತು ಎಂದುಕೊಂಡು ಅದಕ್ಕೂ ತಟ್ಟಿದರು. ತಟ್ಟಲಿ. ಆ ಆಟ ಅವನ ಅಪ್ಪ ಹುಟ್ಟುವ ಮೊದಲಿನಿಂದ ನನಗೆ ಗೊತ್ತು. ಆ ಆಟದಿಂದಲೇ ನಾನು ನಮ್ಮ ಮನೆಯ ಜಗಲಿಗೆ ಬಂದು ಕೂತೆ, ಇವತ್ತಿನವರೆಗೂ ಎದ್ದಿಲ್ಲ. ಮೈಕಿನಲ್ಲಿ ಅದನ್ನು ಹೇಳಲು ಪುರಸೊತ್ತು ಕೊಡಲಿಲ್ಲ, ಇಲ್ಲಿ ಹೇಳುತ್ತೇನೆ.

ನಮ್ಮದು ಗುಡಿಗಾರರ ಮನೆ, ಶಿರಸಿ ಪೇಟೆಯ ಹಿಂದಿನ ಗಲ್ಲಿಯಲ್ಲಿ. ಗಂಧದ ಮರ, ಬೀಟೆ ಮರ ಕೆತ್ತುವುದು ಕಸುಬು. ಮನೆ ಅಂದರೆ ಮುಂದೆ ಒಂದು ಉದ್ದದ ಜಗಲಿ, ನಡುವೆ ಬೆಳಕಿಲ್ಲದ ಒಂದು ಕೋಣೆ, ಹಿಂದೆ ಅಡಿಗೆಮನೆ, ಅದರಾಚೆ ಹಿತ್ತಿಲು. ಜಗಲಿ ಗಂಡಸರದ್ದು. ಅಲ್ಲಿ ದೊಡ್ಡಪ್ಪ ಮತ್ತು ಅಪ್ಪ ಎದುರುಬದರು ಮಣೆ ಹಾಕಿಕೊಂಡು ಕೆತ್ತುತ್ತಿದ್ದರು. ಬೆಳಕೆಲ್ಲ ಅವರಿಗೇ. ನಡುಕೋಣೆ ನಮ್ಮದು. ಅವರು ಕೆತ್ತಿ ಒಳಗೆ ತಳ್ಳಿದ ಕಾಯಿಗಳನ್ನು ನಾವು ಗರಗತ್ತಿ ಎಲೆಯಿಂದ ಉಜ್ಜಿ ನುಣುಪು ಮಾಡಬೇಕು. ಒಣಗಿದ ಗರಗತ್ತಿ ಎಲೆ ಬೆಕ್ಕಿನ ನಾಲಿಗೆಯ ಹಾಗೆ ಒರಟು. ದಿನಕ್ಕೆ ಇಪ್ಪತ್ತು ಕಾಯಿ ಉಜ್ಜಿದರೆ ಬೆರಳ ತುದಿಯ ಗೆರೆಗಳೇ ಅಳಿಸಿಹೋಗುತ್ತಿದ್ದವು. ಬೆಳ್ಳುಳ್ಳಿ, ಇಂಗು ಮುಟ್ಟಿದ ಕೈಯಲ್ಲಿ ಗಂಧ ಮುಟ್ಟಬಾರದು, ವಾಸನೆ ಹಿಡಿಯುತ್ತದೆ ಎಂದು ನಮಗೆ ಸೀಗೆಪುಡಿ ಹಾಕಿ ಕೈ ತೊಳೆಸುತ್ತಿದ್ದರು. ದೊಡ್ಡಪ್ಪ ಮಾತ್ರ ಮಿಡಿ ಉಪ್ಪಿನಕಾಯಿ ನೆಕ್ಕಿದ ಬೆರಳನ್ನು ಪಂಚೆಗೆ ಒರೆಸಿಕೊಂಡು ನೇರ ಉಳಿ ಹಿಡಿಯುತ್ತಿದ್ದರು. ಅವರ ಕೈಗೆ ವಾಸನೆ ಇರಲಿಲ್ಲ ಅಂತ ಕಾಣುತ್ತದೆ.

ಜಗಲಿಗೂ ನಡುಕೋಣೆಗೂ ನಡುವೆ ಒಂದು ಹೊಸ್ತಿಲು. ಉಳಿಗಳು ಚೀಲದಿಂದ ಹೊರಗೆ ಬಿದ್ದಿರುವಷ್ಟು ಹೊತ್ತು ಹೆಂಗಸರು ಅದನ್ನು ದಾಟಬಾರದು. ದಾಟಿದರೆ ಉಳಿಯ ಬಾಯಿ ಹೋಗುತ್ತದೆ, ಹರಿತ ಸಾಯುತ್ತದೆ. ಈ ಶಾಸ್ತ್ರವನ್ನು ಕಾಯುತ್ತಿದ್ದವಳು ಒಬ್ಬ ಹೆಂಗಸೇ, ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ತವರಿಗೆ ಬಂದವಳು, ಬಂದ ದಿನದಿಂದ ಮನೆ ಆಳಿದವಳು. ಸೊಂಟದ ಮೇಲೆ ಎರಡೂ ಕೈ ಇಟ್ಟು ಬಾಗಿಲಲ್ಲಿ ನಿಂತರೆ ಅಪ್ಪನೂ ಬಗ್ಗಿ ಪಕ್ಕಕ್ಕೆ ಹೋಗುತ್ತಿದ್ದ. ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಮಾತು ಕಡಿಮೆ. ಅಣ್ಣ ಶಾಲೆಗೆ ಹೋಗುತ್ತಿದ್ದ. ನಾನೂ ಹೋಗುತ್ತಿದ್ದೆ, ನಾಲ್ಕನೇ ಇಯತ್ತೆ ಮುಗಿದ ಮಾರನೇ ದಿನ ನನ್ನ ಪಾಟಿಯನ್ನು ಅತ್ತೆ ಅಟ್ಟದ ಮೇಲೆ ಹಾಕಿದಳು. ಉಜ್ಜಲು ಕೈ ಸಾಲುತ್ತಿರಲಿಲ್ಲ. ಬಂದವರ ಎದುರಿಗೆ ಮಾತ್ರ ಬೇರೆ ರೀತಿ ಹೇಳುತ್ತಿದ್ದಳು.

"ನಮ್ಮ ಗಂಗಿ ತನ್ನ ಶಾಲೆ ಬಿಟ್ಕೊಟ್ಟಳು ನೋಡಿ. ಅಣ್ಣ ಓದ್ಲಿ ಹೇಳಿ. ಎಂಥಾ ತ್ಯಾಗ!"

ನನ್ನನ್ನು ಯಾರೂ ಕೇಳಿರಲಿಲ್ಲ. ಬಿಟ್ಟುಕೊಟ್ಟವಳಿಗೆ ಅದು ಗೊತ್ತಾದದ್ದು ಪಾಟಿ ಅಟ್ಟಕ್ಕೆ ಹೋದ ಮೇಲೆ. ಅವತ್ತಿನಿಂದ ಆ ಶಬ್ದ ನನಗೆ ಆಗಿ ಬರುವುದಿಲ್ಲ.

ಮಧ್ಯಾಹ್ನ ಗಂಜಿ ಉಂಡ ಮೇಲೆ ಜಗಲಿಯಲ್ಲಿ ಉಳಿಗಳು ಚೀಲ ಸೇರುತ್ತಿದ್ದವು, ಚದುರಂಗದ ಹಲಗೆ ಹೊರಗೆ ಬರುತ್ತಿತ್ತು. ಆಗ ನಾವು ಹೊಸ್ತಿಲ ಹತ್ತಿರ ಕೂತು ನೋಡಬಹುದಿತ್ತು. ಸೊಂಡಿಲು ಮುರಿದ ಆನೆ, ಕಿವಿ ಹೋದ ಕುದುರೆ, ಹೀಗೆ ಮಾರಾಟಕ್ಕೆ ಬಾರದ ಕಾಯಿಗಳ ಜೋಡಿ ಅದು. ನಮ್ಮ ಕಡೆಯ ಆಟದಲ್ಲಿ ಮೂಲೆಗೆ ಆನೆ, ಪಕ್ಕಕ್ಕೆ ಕುದುರೆ, ಅದರ ಪಕ್ಕಕ್ಕೆ ಓರೆ ನಡೆಯುವ ಒಂಟೆ, ನಡುವೆ ರಾಜ ಮತ್ತು ಮಂತ್ರಿ, ಮುಂದೆ ಪ್ಯಾದೆಗಳ ಸಾಲು. ರಾಣಿ ಎಂಬ ಕಾಯಿ ಇಲ್ಲ. ಎಲ್ಲ ಕಡೆಗೂ ನಡೆಯುವವನು ಮಂತ್ರಿ, ರುಮಾಲು ಮೀಸೆ ಇರುವ ಗಂಡಸು. ರಾಜ ಒಂದು ಸಲ ಮಾತ್ರ ಕುದುರೆಯ ಹಾಗೆ ಹಾರಬಹುದು. ದೊಡ್ಡಪ್ಪ ಸೋಲುತ್ತ ಬಂದರೆ ಹಾರಿದ ರಾಜನನ್ನು ಹಾರಿಲ್ಲ ಎಂದು ವಾದಿಸುತ್ತಿದ್ದರು. ಒಮ್ಮೆ ಜಗಳ ಎಷ್ಟಾಯಿತೆಂದರೆ ಅಪ್ಪ ಎರಡು ದಿನ ಹಿತ್ತಿಲಲ್ಲಿ ಬೆನ್ನು ತಿರುಗಿಸಿ ಕೂತು ಉಂಡ.

ಬೇಕೆಂದೇ ಕಾಯಿ ಕೊಡುವುದಕ್ಕೆ ನಮ್ಮ ಮನೆಯಲ್ಲಿ ಒಂದೇ ಮಾತು: ಮೇವು ಹಾಕುವುದು. ಬೇರೆ ಮನೆಗಳಲ್ಲಿ ಇತ್ತೋ ಇಲ್ಲವೋ ಗೊತ್ತಿಲ್ಲ. ಒಂದು ಸಲ ಅಪ್ಪ ಆನೆ ಕೊಟ್ಟಾಗ ಅಯ್ಯೋ ಹೋಯಿತಲ್ಲ ಎಂದೆ. ಅಪ್ಪ ಹಲಗೆಯಿಂದ ಕಣ್ಣೆತ್ತದೆ ಹೇಳಿದ.

"ಹೋಗಿದ್ದಲ್ಲ ಅದು. ದನ ಯಾವ ಗೊಂತಿಗೆ ಬರಬೇಕೋ ಆ ಗೊಂತಿಗೆ ಹುಲ್ಲು ಹಾಕೂದು. ಅದು ತಿನ್ಲಿಕ್ಕೆ ಬತ್ತದೆ. ನೀ ಕಟ್ಟಿಹಾಕೂದು."

"ಬರದೇ ಇದ್ರೆ?"

"ಬರ್ಲೇಬೇಕು ಅಂತ ಆದಾಗ ಮಾತ್ರ ಹಾಕೂದು. ಇಲ್ದಿದ್ರೆ ಹುಲ್ಲೂ ಹೋತು, ದನಾನೂ ಹೋತು."

ನನಗೆ ಹದಿಮೂರು ಆಗಿದ್ದಾಗ ಯಲ್ಲಾಪುರದ ಖಾದರ್ ಸಾಹೇಬರು ಜಗಲಿಗೆ ಬಂದರು. ಅವರಿಗೆ ಎರಡು ಲಾರಿ ಇದ್ದವು, ಹುಬ್ಬಳ್ಳಿ, ಮುಂಬಯಿ ಎಂದು ಅಡಿಕೆ ಸಾಗಿಸುತ್ತಿದ್ದರು. ಕಿಸೆಯಲ್ಲಿ ಯಾವಾಗಲೂ ಬೆಂಕಿಪೊಟ್ಟಣದಷ್ಟು ಸಣ್ಣ ಚದುರಂಗದ ಹಲಗೆ. ಅವರಿಗೆ ಆಟ ಕಲಿಸಿದ ಮೇಷ್ಟ್ರು ಕೆಲಸದಿಂದ ನಿವೃತ್ತರಾಗುವವರಿದ್ದರು. ಅವರಿಗೆ ಕೊಡಲು ಒಂದು ವಸ್ತು ಆಗಬೇಕು ಎಂದು ಪತ್ರಿಕೆಯ ಒಂದು ಹಾಳೆ ಬಿಚ್ಚಿದರು.

"ಇದು ಮೇಷ್ಟ್ರ ಪ್ರಾಣದಂಥಾ ಆಟ. ಇದು ಮುಗಿದಾಗ ಹಲಗೆ ಮೇಲೆ ಎಂತೆಂತ ಕಾಯಿ ಎಲ್ಲೆಲ್ಲಿ ಅದಾವೆ, ಹಾಗೇ ಆಗ್ಬೇಕು. ಅಲ್ಲಾಡಬಾರದು, ಬೀಳಬಾರದು. ನೀವೇ ಆಡಿ ನೋಡ್ಕಳಿ ದೊಡ್ಡವ್ರೆ. ನಾ ಮುಂಬಯಿಗೆ ಹೋಗಿ ಬರೂದ್ರೊಳಗೆ ಆಗ್ಬೇಕು."

ಹಾಳೆಯಲ್ಲಿ ಆಟದ ನಡೆಗಳಷ್ಟೇ ಇದ್ದವು. ಕೊನೆಯ ಚಿತ್ರ ಇದ್ದ ತುಂಡು ಲಾರಿಯಲ್ಲೇ ಎಲ್ಲೋ ಹರಿದುಹೋಗಿತ್ತು. ಬಿಳಿ ಕಡೆ ಒಬ್ಬನೇ, ಕರಿ ಕಡೆ ಇಬ್ಬರು ಹಿರೀ ಮನುಷ್ಯರು ಗುಸುಗುಸು ಮಾತಾಡಿಕೊಂಡು ಆಡಿದರಂತೆ. ಅದೂ ಯಾವುದೋ ದೂರದೇಶದ ನಾಟಕದ ಮನೆಯಲ್ಲಿ, ಎದುರಿಗೆ ಹಾಡು ಕುಣಿತ ನಡೆದಿರುವಾಗ. ಒಬ್ಬನ ಮೇಲೆ ಇಬ್ಬರು ಅಂದ ಕೂಡಲೇ ನಾನು ಆ ಒಬ್ಬನ ಕಡೆಗೆ ಹೋದೆ.

ದೊಡ್ಡಪ್ಪ ಗಂಧದ ಒಂದು ಒಳ್ಳೆ ತುಂಡು ತೆಗೆದು ಬಿಳಿ ಕಾಯಿಗೆ ಇಟ್ಟರು. ಕರಿ ಕಾಯಿಗೂ ಹಲಗೆಗೂ ಬೀಟೆ. ಕಾಯಿ ಬೀಳಬಾರದಲ್ಲ, ಅದಕ್ಕೆ ಕಾಯಿಯ ಬುಡದಲ್ಲಿ ಮೊಳೆಯಂಥ ಒಂದು ತುದಿ ಬಿಟ್ಟು, ಹಲಗೆಯಲ್ಲಿ ತೂತು ಕೊರೆದು ಕೂರಿಸಬೇಕು. ತೂತು ಬಿದ್ದರೆ ಬಿದ್ದ ಹಾಗೆ. ಮನೆ ತಪ್ಪಿದರೆ ಇಡೀ ಹಲಗೆ ಒಲೆಗೆ. ಹಾಗಾಗಿ ಅಣ್ಣತಮ್ಮ ಇಬ್ಬರೂ ಮೊದಲು ಆಟ ಆಡಿ ನೋಡಲು ಕೂತರು. ಏಳನೇ ಇಯತ್ತೆ ಓದಿದ್ದ ಅಪ್ಪ ಹಲಗೆಯ ಅಂಚಿಗೆ ಇದ್ದಿಲಲ್ಲಿ ಅಕ್ಷರ, ಅಂಕಿ ಬರೆದು ಒಂದೊಂದೇ ನಡೆ ಓದಿದ. ರಾಣಿ ಎಂಬ ಶಬ್ದ ಬಂದಾಗ ದೊಡ್ಡಪ್ಪ ನಕ್ಕರು.

"ರಾಣಿನ ಯುದ್ಧಕ್ಕೆ ಕಳ್ಸೂ ಜನ ಎಂಥವ್ರೋ ಮಾರಾಯಾ! ಮಂತ್ರಿ ಅಂತ ಓದು."

ನಾನು ಹೊಸ್ತಿಲ ಈಚೆ ಗರಗತ್ತಿ ಎಲೆ ಹಿಡಿದು ಕೂತಿದ್ದೆ, ಕೈ ಮಾತ್ರ ಉಜ್ಜುತ್ತಿತ್ತು. ಒಂಬತ್ತನೇ ನಡೆಯಲ್ಲಿ ಕರಿಯವರು ಬಿಳಿ ಒಂಟೆಯನ್ನು ಓಡಿಸಲು ಒಂದು ಪ್ಯಾದೆ ತಳ್ಳಿದರು. ನಾವಾದರೆ ಒಂಟೆಯನ್ನು ಹಿಂದೆ ತೆಗೆಯುತ್ತಿದ್ದೆವು. ಇವನು ತೆಗೆಯಲಿಲ್ಲ. ಆ ಪ್ಯಾದೆಯನ್ನು ಕುದುರೆಯಿಂದ ಹೊಡೆದ. ಕುದುರೆಯನ್ನು ಪಕ್ಕದ ಪ್ಯಾದೆ ತಿಂದಿತು. ತಿಂದ ಪ್ಯಾದೆಯನ್ನು ಒಂಟೆ ತಿಂದು ರಾಜನಿಗೆ ಶಹ ಕೊಟ್ಟಿತು. ಕರಿಯವರು ತಮ್ಮ ಒಂದು ಕುದುರೆಯನ್ನು ರಾಜನಿಗೆ ಅಡ್ಡ ತಂದು ನಿಲ್ಲಿಸಿದರು. ಇನ್ನು ಆ ಕುದುರೆ ಏಳುವ ಹಾಗಿಲ್ಲ, ಎದ್ದರೆ ರಾಜ ಬಯಲಾಗುತ್ತಾನೆ. ಒಂದು ಕುದುರೆಯ ಮೇವಿಗೆ ಎರಡು ಪ್ಯಾದೆ ಬಂತು, ಒಂದು ಕುದುರೆಯನ್ನು ಕಟ್ಟಿಹಾಕಿದ್ದೂ ಆಯಿತು. ಇಷ್ಟಕ್ಕೆ ಹನ್ನೆರಡನೇ ನಡೆ ಬಂತು. ಅಲ್ಲಿ ಮೂರು ಸೊನ್ನೆ ಮಾತ್ರ ಇತ್ತು, ನಡುವೆ ಅಡ್ಡಗೆರೆ.

"ಸೊನ್ನೆ ಅಂದ್ರೆ ಎಂತ?" ಎಂದ ಅಪ್ಪ.

"ಸೊನ್ನೆ ಅಂದ್ರೆ ಏನಿಲ್ಲ. ಅಂವ ಆ ಸರದಿ ಬಿಟ್ಟಿದ್ದಾನೆ," ಎಂದರು ದೊಡ್ಡಪ್ಪ.

"ಮೂರು ಸಲ ಬಿಟ್ನಾ?"

"ನಾಟಕ ನೋಡ್ತಾ ಕೂತಿರ್ಬೇಕು. ಮುಂದೆ ಓದು."

ಮುಂದೆ ಓದಿದರೆ ಬಿಳಿ ಆನೆ ಮಂತ್ರಿಯ ಸಾಲಿನಲ್ಲಿ ನೇರ ಓಡಿ ಆ ಕಟ್ಟಿಹಾಕಿದ ಕುದುರೆಯನ್ನು ಹೊಡೆಯಬೇಕು. ಮಂತ್ರಿಯ ಸಾಲಲ್ಲಿ ಬಿಳಿಗೆ ಆನೆಯೇ ಇಲ್ಲ. ಸರಿ, ಸೊನ್ನೆ ಎಂದರೆ ಅಚ್ಚಿನ ತಪ್ಪು ಎಂದು ಅಪ್ಪ ಮಂತ್ರಿ ಕಡೆಯ ಮೂಲೆ ಆನೆಯನ್ನು ಆ ಸಾಲಿಗೆ ತಂದಿಟ್ಟ. ಅದು ಕುದುರೆ ಹೊಡೆಯಿತು, ಕರಿ ಆನೆ ಅದನ್ನು ತಿಂದಿತು. ಮರುನಡೆಯಲ್ಲೇ ಇನ್ನೊಂದು ಆನೆಯೂ ಅದೇ ಸಾಲಿಗೆ ಬರಬೇಕೆಂದು ಹಾಳೆ ಹೇಳುತ್ತಿತ್ತು. ಆ ಆನೆ ಆಚೆ ಮೂಲೆಯಲ್ಲಿ. ನಡುವೆ ರಾಜ ಕೂತಿದ್ದಾನೆ.

"ಆನೆ ಎಂತ ರಾಜನ ತಲೆ ಮೇಲಿಂದ ಹಾರ್ತದಾ?" ಎಂದು ದೊಡ್ಡಪ್ಪ ಹಾಳೆಯನ್ನು ಬಿಸಾಕಿದರು.

ಅಪ್ಪ ರಾಜನನ್ನು ಕುದುರೆ ಹಾರಿಸಿ ನೋಡಿದ. ಹಾರಿದರೆ ಒಂದು ಸರದಿ ಹೋಗುತ್ತದೆ, ಅಷ್ಟರಲ್ಲಿ ಕರಿಯವರು ಮಂತ್ರಿಗೆ ಮಂತ್ರಿ ಹೊಡೆಸಿ ಬಿಡಿಸಿಕೊಳ್ಳುತ್ತಾರೆ. ಮೂರು ದಿನ ಹೀಗೇ ಕಳೆಯಿತು. ನಾಲ್ಕನೇ ದಿನ ದೊಡ್ಡಪ್ಪ ತೀರ್ಮಾನ ಮಾಡಿದರು. ಉಳಿದ ಕಾಯಿಗಳೆಲ್ಲ ಎಲ್ಲಿ ನಿಂತವು ಎಂದು ಹಾಳೆಯಲ್ಲಿ ಬರೆದಿದೆ. ರಾಜ ಎದ್ದ ಎಂದು ಎಲ್ಲೂ ಬರೆದಿಲ್ಲ. ಬರೆದಿಲ್ಲ ಎಂದರೆ ಎದ್ದಿಲ್ಲ, ಅವನ ಮನೆಯಲ್ಲೇ ತೂತು ಕೊರೆಯುವುದು. ಅವರ ಲೆಕ್ಕ ದಡ್ಡರ ಲೆಕ್ಕವಲ್ಲ. ನಮ್ಮ ಆಟದಲ್ಲಿ ಅದೇ ಸರಿ.

ಆ ಮೂರು ದಿನ ನಾನೂ ಸುಮ್ಮನಿರಲಿಲ್ಲ. ಅಡಿಗೆಮನೆಯ ಮೂಲೆಯಲ್ಲಿ ಇದ್ದಿಲಲ್ಲಿ ಹಲಗೆ ಬರೆದು, ಬಿಳಿಗೆ ಹಲಸಿನ ಬೇಳೆ, ಕರಿಗೆ ಹುಣಸೆಬೀಜ ಇಟ್ಟು ನೋಡುತ್ತಿದ್ದೆ. ಆಯಿ ನೆಲ ಸಾರಿಸುವಾಗ ಆ ಒಂದು ಚೌಕವನ್ನು ಬಿಟ್ಟು ಸುತ್ತ ಸಾರಿಸಿದಳು, ಏನೂ ಕೇಳಲಿಲ್ಲ. ಗಂಡಸರು ಆಟವನ್ನು ಮುಂದಿನಿಂದ ಆಡಿ ಸಿಕ್ಕಿಬೀಳುತ್ತಿದ್ದರು. ನನಗೆ ಉಜ್ಜುವ ಕೆಲಸದಿಂದ ಬೇರೆ ಅಭ್ಯಾಸ. ಮುಗಿದ ಕಾಯಿ ನಮ್ಮ ಕೈಗೆ ಮೊದಲು ಬರುತ್ತದೆ. ಇಲ್ಲಿ ಉಳಿ ಹೀಗೆ ಬಂದಿದೆ, ಅದಕ್ಕೆ ಮೊದಲು ಹಾಗೆ ಬಂದಿರಬೇಕು ಎಂದು ಬೆರಳು ಹಿಂದಕ್ಕೆ ಹೋಗುತ್ತದೆ. ಆಟವನ್ನೂ ಹಾಗೇ ಕೊನೆಯಿಂದ ಹಿಡಿದೆ. ಕೊನೆಗೆ ಒಂದು ಆನೆ ಮಂತ್ರಿಯ ಸಾಲಿನಲ್ಲಿ ಓಡಿ ರಾಜನನ್ನು ಕೊಲ್ಲುತ್ತದೆ. ಇನ್ನೊಂದು ಆನೆ ಅದೇ ಸಾಲಿನಲ್ಲಿ ಸತ್ತಿದೆ. ಅಂದರೆ ಎರಡು ಮೂಲೆಯಿಂದಲೂ ಆನೆ ಅಲ್ಲಿಗೆ ಬಂದಿವೆ. ಎರಡನೆಯದು ಬರಬೇಕಾದರೆ ರಾಜ ದಾರಿಯಲ್ಲಿ ಇಲ್ಲ. ರಾಜನಿಗೆ ಬೇರೆ ಸರದಿ ಕೊಟ್ಟಿಲ್ಲ. ಹಾಗಾದರೆ ರಾಜ ಎದ್ದದ್ದು ಆ ಸೊನ್ನೆಯ ಸರದಿಯಲ್ಲೇ, ಮೊದಲ ಆನೆಯ ಸಂಗಡವೇ. ಮೂಲೆಯಿಂದ ಮಂತ್ರಿಯ ಮನೆಗೆ ಆನೆ ಎಷ್ಟು ಹೆಜ್ಜೆ ನಡೆಯಬೇಕು? ಬೇಳೆ ಇಟ್ಟು ಎಣಿಸಿದೆ. ಮೂರು. ಸೊನ್ನೆಯೂ ಮೂರು. ರಾಜ ಅದರ ಮೇಲಿಂದ ದಾಟಿ ಆಚೆ ಪಕ್ಕಕ್ಕೆ ಕೂತಿದ್ದಾನೆ. ಒಂದೇ ಸರದಿಗೆ ಎರಡು ಕಾಯಿ! ನಮ್ಮಲ್ಲಿ ಹೀಗೆ ಮಾಡಿದರೆ ಕೈ ಹಿಡಿದು ಏಳಿಸುತ್ತಿದ್ದರು. ಅದಕ್ಕೇ ಯಾರಿಗೂ ಹೊಳೆದಿಲ್ಲ.

ನಾನು ಎದ್ದು ನಡುಕೋಣೆಗೆ ಬಂದಾಗ ದೊಡ್ಡಪ್ಪ ಬೈರಿಗೆಯ ಮೊನೆಯನ್ನು ರಾಜನ ಮನೆಯ ಮೇಲೆ ಇಟ್ಟಾಗಿತ್ತು. ಉಳಿಗಳೆಲ್ಲ ಹೊರಗೇ ಬಿದ್ದಿದ್ದವು.

"ಅಲ್ಲಿ ಕೊರೀಬೇಡಿ!"

ಹೇಳಿದ್ದಷ್ಟೇ ಅಲ್ಲ, ದಾಟಿದ್ದೂ ಆಗಿತ್ತು. ಹಿಂದಿನಿಂದ ಅತ್ತೆ ಜಡೆ ಹಿಡಿದು ಎಳೆದಳು.

"ಎಂತ ಬಂತೇ ನಿಂಗೆ? ಉಳಿ ಬಿದ್ದದ್ದು ಕಾಣ್ತಿಲ್ವಾ? ಕಣ್ಣು ಒಡೆದು ಹೋಗಿದ್ಯಾ?"

"ಜಡೆ ಬಿಡು ಅತ್ತೆ. ಮೊದ್ಲು ಹಲಗೆ ಉಳೀಲಿ, ಆಮೇಲೆ ಎಳಿ."

ದೊಡ್ಡಪ್ಪ ಬೈರಿಗೆ ಕೆಳಗಿಟ್ಟರು. ನಾನು ಜಡೆ ಅತ್ತೆಯ ಕೈಯಲ್ಲಿರುವಂತೆಯೇ ಬಗ್ಗಿ, ಪಕ್ಕದ ಆಟದ ಹಲಗೆಯಲ್ಲಿ ಆನೆಯನ್ನು ಮಂತ್ರಿಯ ಮನೆಗೂ ರಾಜನನ್ನು ಅದರಾಚೆಗೂ ಕೂರಿಸಿ, ಮೂರು ಸೊನ್ನೆ ಮೂರು ಹೆಜ್ಜೆ ಎಂದೆ. ಅಪ್ಪ ಉಳಿದ ನಡೆ ಓದಿದ. ಮೊದಲ ಆನೆ ಕುದುರೆ ಹೊಡೆದು ಸತ್ತಿತು, ಅದು ಎರಡನೇ ಮೇವು. ಎರಡನೇ ಆನೆ ರಾಜನಿಲ್ಲದ ದಾರಿಯಲ್ಲಿ ನಿರಾಳವಾಗಿ ಆ ಸಾಲಿಗೆ ಬಂತು. ಒಂಟೆ ಹೋಗಿ ಕರಿ ಆನೆಯನ್ನು ಹೊಡೆದು ತಾನೂ ಸತ್ತಿತು. ಆಮೇಲೆ ಮಂತ್ರಿ. ಬಿಳಿ ಮಂತ್ರಿ ಒಬ್ಬನೇ ಕರಿಯವರ ಹಟ್ಟಿಯೊಳಗೆ ಹೋಗಿ ರಾಜನ ಸಾಲಲ್ಲಿ ನಿಂತು ಶಹ ಎಂದ. ಅವನನ್ನು ಕುದುರೆ ತಿನ್ನಲೇಬೇಕು, ಕರಿಯವರಿಗೆ ಬೇರೆ ನಡೆಯೇ ಇಲ್ಲ. ತಿಂದಿತು. ತಿನ್ನಲು ಎದ್ದದ್ದರಿಂದ ದಾರಿ ತೆರೆಯಿತು. ಆನೆ ಓಡಿತು, ಹಿಂದೆ ಒಂಟೆ ಕಾಯುತ್ತಿತ್ತು, ರಾಜ ಸತ್ತ. ಕರಿಯ ಕಡೆ ಮಂತ್ರಿ, ಆನೆ, ಒಂಟೆ, ಕುದುರೆ ಎಲ್ಲ ಬದುಕಿದ್ದವು. ಬಿಳಿಗೆ ಉಳಿದದ್ದು ಒಂದು ಆನೆ, ಒಂದು ಒಂಟೆ.

ಅಪ್ಪ ತೊಡೆ ತಟ್ಟಿಕೊಂಡ.

"ಹಿಂಗಾದ್ರೆ ಕೂರ್ತದೆ ಅಣ್ಣಾ. ಪ್ರತಿ ನಡೆ ಕೂರ್ತದೆ."

"ಕೂತ್ರೆ ಆತಾ? ಎಲ್ಲಿಯಾದ್ರೂ ಕಂಡಿದ್ಯಾ ಒಂದು ಸರದಿಗೆ ಎರಡು ಕಾಯಿ?" ದೊಡ್ಡಪ್ಪ ನನ್ನ ಕಡೆ ತಿರುಗಿದರು. "ಸಾಹೇಬ್ರು ಬಂದು ತಪ್ಪು ಅಂದ್ರೆ, ನೀ ಮದುವೆಯಾಗಿ ಹೋಗೂವರೆಗೆ ಈ ಜಗಲಿಗೆ ತಲೆ ಹಾಕೂ ಹಾಗಿಲ್ಲ. ಆಟ ನೋಡ್ಲಿಕ್ಕೂ ಇಲ್ಲ."

"ಸರಿ ಅಂದ್ರೆ?"

"ಸರಿ ಅಂದ್ರೆ ಎಂತ ಬೇಕು?"

"ಉಳಿ."

ಅತ್ತೆ ಜಡೆ ಬಿಟ್ಟಳು. ಗಾಬರಿಗೆ ಬಿಟ್ಟದ್ದು. ದೊಡ್ಡಪ್ಪನಿಗೆ ನಗು ಬಂತು. ಅವರ ನಗು ಬೈಗುಳಕ್ಕಿಂತ ಕೆಟ್ಟದ್ದು.

"ತಗಾ, ಈಗ್ಲೇ ತಗಾ. ಆ ಸತ್ತ ಬಿಳಿ ಮಂತ್ರಿ ಇದ್ದಾನಲ್ಲ, ಅವನ್ನ ಕೆತ್ತು. ಹಲಗೆ ಮೇಲೆ ಅಂವ ಬೇಡವೇ ಬೇಡ. ಯಾರೂ ನೋಡೂದಿಲ್ಲ, ನೀ ಹಾಳು ಮಾಡಿದ್ರೂ ಅಡ್ಡಿಲ್ಲ."

ಗಂಟು ಇರುವ ಒಂದು ಗಂಧದ ತುಣುಕು, ಬಾಯಿ ಹೋದ ಒಂದು ಸಪೂರ ಉಳಿ, ಎರಡನ್ನೂ ನನ್ನ ಕಾಲ ಬುಡಕ್ಕೆ ಎಸೆದರು. ಆಮೇಲೆ ರಾಜನಿಗೆ ತೂತು ಕೊರೆದದ್ದು ನಾನು ಹೇಳಿದ ಮನೆಯಲ್ಲೇ. ಅದೂ ಅವರ ಲೆಕ್ಕವೇ. ತಪ್ಪಿದರೆ ಗಂಗಿಯ ತಪ್ಪು.

ಬಟ್ಟೆ ಒಗೆಯುವ ಕಲ್ಲಿಗೆ ಆ ಉಳಿಯನ್ನು ಒಂದಿಡೀ ಬೆಳಿಗ್ಗೆ ಮಸೆದೆ. ಹಿತ್ತಿಲಲ್ಲಿ ಕೂತು ಎಂಟು ದಿನ ಕೆತ್ತಿದೆ. ಕಲಿಸಿದವರು ಯಾರೂ ಇಲ್ಲ, ಆದರೆ ನಾಲ್ಕು ವರ್ಷ ಅವರ ಕೆತ್ತನೆ ಉಜ್ಜಿದ ಕೈಗೆ ಅವರು ಎಲ್ಲೆಲ್ಲಿ ಅವಸರ ಮಾಡುತ್ತಾರೆ ಎಂಬುದು ಅವರಿಗಿಂತ ಚೆನ್ನಾಗಿ ಗೊತ್ತಿತ್ತು. ಮಂತ್ರಿಯನ್ನು ಕೆತ್ತು ಎಂದಿದ್ದರು. ನಾನು ಮೀಸೆ ರುಮಾಲು ಕೆತ್ತಲಿಲ್ಲ. ಹಾಳೆಯಲ್ಲಿ ರಾಣಿ ಎಂದೇ ಇತ್ತಲ್ಲ, ಒಬ್ಬ ಹೆಂಗಸನ್ನು ಕೆತ್ತಿದೆ. ಮರದ ಗಂಟು ತಲೆಯ ಹಿಂದೆ ಬಂತು, ಅದನ್ನೇ ತುರುಬು ಮಾಡಿದೆ. ಎರಡೂ ಕೈ ಸೊಂಟದ ಮೇಲೆ. ಬಾಗಿಲಲ್ಲಿ ನಿಂತ ಹಾಗೆ ಕಾಲು ಅಗಲ. ಒಂದು ದಿನ ಅತ್ತೆ ಬಚ್ಚಲಿಗೆ ಹೋಗುವವಳು ನಿಂತು ನೋಡಿದಳು. ಬೈಯುತ್ತಾಳೆ ಎಂದು ಉಳಿಯನ್ನು ಲಂಗದ ಅಡಿಗೆ ಸರಿಸಿದೆ.

"ನನ್ನ ಮೂಗು ಅಷ್ಟು ದಪ್ಪ ಇಲ್ಲೆ," ಎಂದು ಹೇಳಿ ಹೋದಳು.

ಮೂಗು ಸ್ವಲ್ಪ ಇಳಿಸಿದೆ.

ಹೆಂಗಸನ್ನು ಕೆತ್ತಿದ್ದು ಚಂದಕ್ಕಲ್ಲ. ಹಲಗೆಯ ಮೇಲೆ ಕರಿ ಮಂತ್ರಿ ಬದುಕಿರುತ್ತಾನೆ, ಅವನನ್ನು ದೊಡ್ಡಪ್ಪ ಮೀಸೆ ತಿರುವಿ ಬೀಟೆಯಲ್ಲಿ ಕೆತ್ತಿ ಮುಗಿಸಿದ್ದರು. ಎರಡನ್ನೂ ಪಕ್ಕಪಕ್ಕ ಕಂಡವನಿಗೆ ಜೋಡಿ ಕೂಡದು. ಕೂಡದಿದ್ದರೆ ಒಂದು ಬದಲಾಗಬೇಕು. ಯಾವುದು ಎಂದು ಹೇಳುವವರು ಸಾಹೇಬರು, ಅವರು ಹಾಳೆ ಓದಿದವರು. ಇಷ್ಟನ್ನು ನಾನು ಎಣಿಸಿಯೇ ಕೆತ್ತಿದೆ. ಇನ್ನೊಂದನ್ನೂ ಎಣಿಸಿದ್ದೆ. ಸಾಹೇಬರು ನೋಡಿ, ಇದೇನು ಹುಡುಗಾಟ ಎಂದು ಪಕ್ಕಕ್ಕಿಟ್ಟರೆ ಹುಲ್ಲೂ ಹೋಯಿತು, ದನವೂ ಹೋಯಿತು.

ಸಾಹೇಬರು ಬಂದದ್ದು ಊಟದ ಹೊತ್ತಿಗೆ. ದೊಡ್ಡಪ್ಪ ಹಲಗೆಯ ಮೇಲಿನ ಬಟ್ಟೆ ತೆಗೆದರು. ಸಾಹೇಬರು ಟೊಪ್ಪಿ ಹಿಂದೆ ಸರಿಸಿ, ಬಗ್ಗಿ ನೋಡಿದರು. ರಾಜನ ಮೇಲೆ ಅವರ ಬೆರಳು ನಿಂತಿತು. ನಾನು ನಡುಕೋಣೆಯ ಕತ್ತಲಿನಿಂದ ಆ ಬೆರಳನ್ನೇ ನೋಡುತ್ತಿದ್ದೆ.

"ಅರೇ! ನಿಮ್ಮ ಆಟದಾಗೆ ರಾಜ ಕುದುರೆ ಹಾರ್ತಾನಲ್ಲ? ಕಿಲ್ಲಾ ಕಟ್ಟೂದು, ರಾಜ ಆನೆ ಒಟ್ಟಿಗೇ ಏಳೂದು, ನಿಮಗೆ ಹೇಳ್ಲಿಕ್ಕೆ ಮರ್ತು ಹೋತು ಅಂತ ಮುಂಬಯಿವರೆಗೂ ತಲೆ ಕೆಟ್ಟಿತ್ತು ನಂಗೆ. ಯಾರು ಹೇಳಿದ್ರು?"

ದೊಡ್ಡಪ್ಪ ಕೆಮ್ಮಿದರು. ಅಪ್ಪ ಬಾಯಿ ತೆಗೆಯುವ ಮೊದಲೇ ಅವರು, ಆಡಿ ನೋಡಿದ್ವಿ, ಗೊತ್ತಾತು ಎಂದುಬಿಟ್ಟರು. ಸರಿ ಎಂದಾಯಿತು, ನನ್ನ ಹೆಸರು ಬರಲಿಲ್ಲ. ಇದನ್ನೂ ಎಣಿಸಿದ್ದೆ. ಉಳಿಗಳು ಚೀಲದಲ್ಲಿದ್ದವು. ಹೊಸ್ತಿಲು ದಾಟಿ ಹೋಗಿ ನನ್ನ ರಾಣಿಯನ್ನು ಸಾಹೇಬರ ಮುಂದೆ ಹಲಗೆಯ ಪಕ್ಕಕ್ಕೆ ಇಟ್ಟೆ.

"ಇದು ಕೊಟ್ಟಿದ್ದು ಸಾಹೇಬ್ರೆ. ಕೊಟ್ಟಿದ್ದು ಎಂತ ಅಂತ ಕಾಣದಿದ್ರೆ ಗೆದ್ದಿದ್ದು ಹ್ಯಾಗೆ ಅಂತ ಗೊತ್ತಾಗೂದಿಲ್ಲ. ಮೇಷ್ಟ್ರಿಗೆ ಇದನ್ನೂ ಕೊಡಿ."

ಸಾಹೇಬರು ಅದನ್ನು ಅಂಗೈಯಲ್ಲಿ ಇಟ್ಟು ತಿರುಗಿಸಿದರು. ಸೊಂಟದ ಮೇಲಿನ ಕೈ ನೋಡಿದರು. ಬಾಗಿಲಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದ ಅತ್ತೆಯನ್ನು ನೋಡಿದರು. ಗಡ್ಡದೊಳಗೇ ನಕ್ಕರು. ಆಮೇಲೆ ಹಲಗೆಯ ಮೇಲಿನ ಮೀಸೆಯವನನ್ನು ನೋಡಿದರು. ನಗು ನಿಂತಿತು.

"ಒಂದು ಹೆಂಗ್ಸು, ಒಂದು ಗಂಡ್ಸು. ಜೋಡಿ ಕೂಡೂದಿಲ್ಲಲ್ಲ ದೊಡ್ಡವ್ರೆ? ಹಾಳೆಯಾಗೆ ಎರಡೂ ರಾಣಿ ಅದಾವೆ. ಈ ಮೀಸೆ ತೆಗೀರಿ. ಕರಿದೂ ಇಂಥಾದ್ದೇ ಬೇಕು. ಇದನ್ನ ಕೆತ್ತಿದ ಕೈಯೇ ಅದನ್ನೂ ಕೆತ್ಲಿ. ಯಾರ ಕೈ ಇದು?"

ದೊಡ್ಡಪ್ಪನಿಗೆ ಎರಡೇ ನಡೆ ಇದ್ದವು. ತಮ್ಮ ಕೈ ಎಂದರೆ ಹುಡುಗಿ ಕೆತ್ತಿದ್ದನ್ನು ನೋಡಿ ನೋಡಿ, ಮನೆಯವರೆಲ್ಲರ ಕಣ್ಣೆದುರಿಗೆ, ಅದರಂತೆಯೇ ಕೆತ್ತಬೇಕು. ಗಂಗಿಯ ಕೈ ಎಂದರೆ ಮುಚ್ಚಿಟ್ಟ ನನ್ನ ಹೆಸರನ್ನು ತಾವೇ ಹೇಳಿದ ಹಾಗಾಯಿತು. ಅವರು ಸಾಹೇಬರನ್ನು ನೋಡಿದರು, ಹಲಗೆಯನ್ನು ನೋಡಿದರು, ಅಪ್ಪನನ್ನು ನೋಡಿದರು. ಅಪ್ಪ ತಲೆ ತಗ್ಗಿಸಿ ಕಾಲುಗುರು ನೋಡುತ್ತಿದ್ದ. ಅವನ ಹೆಗಲು ನಗುವಿಗೆ ಅಲ್ಲಾಡುತ್ತಿತ್ತು.

"ಇವಳ್ದು," ಎಂದರು ದೊಡ್ಡಪ್ಪ.

"ಶಾಬಾಸ್ ಬೇಟಿ. ನಾಡಿದ್ದು ಬತ್ತೆ. ಅಷ್ಟ್ರೊಳಗೆ ಆಗ್ತದಾ?"

"ಬೀಟೆ ಗಟ್ಟಿ. ಒಳ್ಳೆ ಉಳಿ ಬೇಕು. ಬೆಳಕೂ ಬೇಕು," ಎಂದೆ. ಸಾಹೇಬರಿಗೆ ಹೇಳಿದ್ದಲ್ಲ.

ರಾಣಿ ಸಾಹೇಬರ ಕಿಸೆಯಲ್ಲಿ ಯಲ್ಲಾಪುರಕ್ಕೆ ಹೋಯಿತು. ನನ್ನ ಮೊದಲ ಕೆತ್ತನೆ. ಮತ್ತೆ ನೋಡಲಿಲ್ಲ, ಈಗ ಯಾರ ಮನೆಯಲ್ಲಿದೆಯೋ. ಅದಕ್ಕೆ ಅಳಲಿಲ್ಲ. ಅದು ಹೋದದ್ದಲ್ಲ. ಶಾಲೆಯಲ್ಲಿ ಆ ಹುಡುಗನಿಗೆ ಹೇಳಬೇಕಾಗಿದ್ದದ್ದು ಇಷ್ಟೇ: ಕೊಡುವವಳು ತಾನೇ ಎಣಿಸಿ ಕೊಟ್ಟರೆ ಅದು ಮೇವು. ಕೇಳದೆ ಕಿತ್ತುಕೊಂಡು, ಆಮೇಲೆ ಹೊಗಳಿದರೆ ಅದನ್ನು ತ್ಯಾಗ ಎನ್ನುತ್ತಾರೆ. ನನ್ನ ಪಾಟಿ ಇನ್ನೂ ಅಟ್ಟದಲ್ಲೇ ಇತ್ತು. ಜಗಲಿ ಸಿಕ್ಕಿತೆಂದು ಅದನ್ನು ಯಾರೂ ಇಳಿಸಿ ಕೊಡಲಿಲ್ಲ. ಆ ಬಾಕಿಯನ್ನು ನಾನು ಮನ್ನಿಸಿಯೂ ಇಲ್ಲ.

ಸಾಹೇಬರ ಲಾರಿಯ ಸದ್ದು ಗಲ್ಲಿಯ ತಿರುವಿನಲ್ಲಿ ಕರಗಿದ ಮೇಲೆ ದೊಡ್ಡಪ್ಪ ಉಳಿಯ ಚೀಲ ಬಿಚ್ಚಿದರು. ನನ್ನ ಮುಖ ನೋಡದೆ ಹೇಳಿದರು.

"ಮಣೆ ತಗಬಾ."

ನನಗೆ ಮಣೆ ಎಲ್ಲಿಂದ ಬರಬೇಕು? ತಿರುಗಿ ನೋಡಿದೆ. ಅತ್ತೆ ಊಟದ ಮಣೆಯೊಂದನ್ನು ಹೊಸ್ತಿಲ ಮೇಲಿಂದ ಕಾಲಲ್ಲೇ ಜಗಲಿಗೆ ತಳ್ಳಿದಳು. ಕೈ ಸೊಂಟದಿಂದ ತೆಗೆಯಲಿಲ್ಲ. ಉಳಿಗಳು ಹೊರಗೆ ಬಿದ್ದಿದ್ದವು, ಒಂದರ ಬಾಯಿಯೂ ಹೋಗಲಿಲ್ಲ. ಮಣೆಯನ್ನು ಬಾಗಿಲ ಹತ್ತಿರ ಧೂಳು ಬರುವಲ್ಲಿ ಹಾಕು ಎಂದು ದೊಡ್ಡಪ್ಪ ಬೆರಳು ತೋರಿಸಿದರು. ನಾನು ಬೆಳಕು ಬೀಳುವಲ್ಲಿ ಹಾಕಿ ಕೂತೆ. ಬೀಟೆಯ ತುಂಡನ್ನು ಕಾಲ ಬೆರಳ ನಡುವೆ ಕಚ್ಚಿ ಹಿಡಿದು ಮೊದಲ ಏಟು ಹಾಕಿದೆ. ಉಳಿ ಜಾರಿ ಹೆಬ್ಬೆರಳು ಸೀಳಿತು. ರಕ್ತವನ್ನು ಲಂಗಕ್ಕೆ ಒರೆಸಿ, ಯಾರೂ ತಲೆ ಎತ್ತುವ ಮೊದಲು ಎರಡನೇ ಏಟು ಹಾಕಿದೆ.